ಹಿಮ್ಮಡಿಗೆ ಒದ್ದವಳು

ನನ್ನ ಮೊಮ್ಮಗಳು ಆಸ್ಪತ್ರೆಗೆ ಸೇರಿದ್ದಾಳೆ. ರೋಗಿಯಾಗಿ ಅಲ್ಲ, ಕೆಲಸ ಕಲಿಯಲು. ಬಿಳಿ ಸೀರೆ, ಬಿಳಿ ರವಿಕೆ. ಮೀನಿನ ಬುಟ್ಟಿ ಹೊತ್ತವರ ಮನೆಯ ಹುಡುಗಿ ಜನರ ಕೈಕಾಲು ಉಜ್ಜಿ, ಬಗ್ಗಿಸಿ, ನಡೆಸುವ ವಿದ್ಯೆ ಕಲಿಯುತ್ತಿದ್ದಾಳೆ. ಇದನ್ನು ನಾನು ನಮ್ಮ ಊರು ಬೆಂಗ್ರೆಯಲ್ಲಿ ಎಲ್ಲರಿಗೂ ಹೇಳಿ ಮುಗಿಸಿದೆ. ದೋಣಿಯಲ್ಲಿ ಕುಳಿತವರಿಗೂ ಹೇಳಿದೆ. ಅವರಲ್ಲಿ ಕೆಲವರು ಎರಡನೆಯ ಸಲ ಕೇಳಿದವರು. ಇನ್ನು ಕಾಗದಕ್ಕೆ ಮಾತ್ರ ಹೇಳಲು ಬಾಕಿ.

ಹೋದ ಆದಿತ್ಯವಾರ ಮನೆಗೆ ಬಂದವಳು ನನ್ನ ಎಡಗಾಲನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಹಿಮ್ಮಡಿಯ ಮೇಲೆ, ಮೀನಖಂಡಕ್ಕೆ ಏರುವಲ್ಲಿ, ನನಗೊಂದು ಗಂಟು ಉಂಟು. ಅದರ ಮೇಲೆ ಅವಳ ಬೆರಳು ನಿಂತಿತು.

"ಅಜ್ಜಿ, ಇದು ಒಮ್ಮೆ ಹರಿದಿದೆಯಲ್ಲ! ಇದಕ್ಕೆ ಅಕಿಲಿಸ್ ಟೆಂಡನ್ ಅಂತ ಹೆಸರು."

"ಹೆಸರು ಬೇರೆ ಉಂಟಾ ಅದಕ್ಕೆ? ಮೂವತ್ತು ವರ್ಷ ಹೆಸರಿಲ್ಲದೆ ನಡೆದಿದ್ದೇನೆ ಮಾರಾಯ್ತಿ."

"ಹೇಗೆ ಹರಿದದ್ದು?"

"ನಿನ್ನ ಚಿಕ್ಕಜ್ಜಿ ಒದ್ದದ್ದು."

"ಯಾವ ಚಿಕ್ಕಜ್ಜಿ? ನನಗೆ ಚಿಕ್ಕಜ್ಜಿಯೇ ಇಲ್ಲವಲ್ಲ."

ಇಲ್ಲ, ನಿಜ. ಅವಳು ಒದ್ದಾಗಲೂ ಇರಲಿಲ್ಲ. ಬರೆದುಕೊಡು ಅಜ್ಜಿ, ಬಾಯಲ್ಲಿ ಹೇಳಿದರೆ ನಡುವೆ ಬೇರೆ ಎಲ್ಲಿಗೋ ಹೋಗುತ್ತೀ ಎಂದಳು. ಮೂರನೆಯ ಕ್ಲಾಸಿನವರೆಗೆ ಮಾತ್ರ ಶಾಲೆಗೆ ಹೋದವಳು ನಾನು. ಆದರೂ ಅವಳು ಹೇಳಿದ ಮೇಲೆ ಬರೆಯದೆ ಇರುವುದು ಹೇಗೆ?

ನಮ್ಮ ತಾಯಿ ಬೇಗ ತೀರಿಕೊಂಡಿದ್ದರು. ನನ್ನನ್ನೂ ತಂಗಿಯನ್ನೂ ಸಾಕಿದವರು ದೊಡ್ಡಮ್ಮ. ನದಿಗೂ ಕಡಲಿಗೂ ನಡುವಿನ ಹೊಯಿಗೆಯ, ಎಂದರೆ ಮರಳಿನ, ಪಟ್ಟಿಯ ಮೇಲೆ ನಮ್ಮ ಮನೆ. ಬೆಳಗಾದರೆ ಮೂವರೂ ಬುಟ್ಟಿ ಹೊತ್ತು ದೋಣಿಯಲ್ಲಿ ನದಿ ದಾಟಿ ಬಂದರಿನ ಧಕ್ಕೆಯಲ್ಲಿ ಇಳಿದು, ಅಲ್ಲಿಂದ ಹಂಪನಕಟ್ಟೆಯ ಏರು ಹತ್ತುತ್ತಿದ್ದೆವು. ಒಬ್ಬರ ಹಿಂದೆ ಒಬ್ಬರು, ಅರ್ಧ ನಡಿಗೆ, ಅರ್ಧ ಓಟ. ಮೀನು ಕಾಯುವುದಿಲ್ಲ. ನಾನು ಮುಂದೆ, ತಂಗಿ ನನ್ನ ಹಿಂದೆ, ಕೊನೆಗೆ ದೊಡ್ಡಮ್ಮ. ತಂಗಿಗೆ ಒಂದು ಕೆಟ್ಟ ಅಭ್ಯಾಸ ಇತ್ತು. ನಾನು ಸ್ವಲ್ಪ ನಿಧಾನ ಮಾಡಿದರೆ ಸಾಕು, ಕಾಲಿನ ತುದಿಯಿಂದ ನನ್ನ ಹಿಮ್ಮಡಿಯ ಮೇಲೆ ಟಕ್ಕೆಂದು ಒದೆಯುತ್ತಿದ್ದಳು. ತಲೆಯ ಮೇಲೆ ಬುಟ್ಟಿ ಇರುವವಳು ತಿರುಗಿ ಹೊಡೆಯುವ ಹಾಗಿಲ್ಲ. ಅದು ಅವಳಿಗೆ ಗೊತ್ತು.

"ನಡೆ ಅಕ್ಕ, ಬೂತಾಯಿ ಮೀನಿಗೆ ನಿದ್ದೆ ಬರ್ತದೆ" ಎನ್ನುತ್ತಿದ್ದಳು.

ನನಗೆ ಆಗಲೇ ಮದುವೆಯಾಗಿ ಮಗಳೊಬ್ಬಳಿದ್ದಳು, ಗಂಡ ನಮ್ಮ ಮನೆಯಲ್ಲೇ ಇದ್ದರು. ತಂಗಿಗೆ ಹದಿನಾರು ತುಂಬಿದಾಗ ಒಂದು ಸಂಬಂಧ ಕೇಳಿಕೊಂಡು ಬಂತು. ಒಳ್ಳೆಯ ಮನೆ. ನಾನು ದೊಡ್ಡಮ್ಮನ ಹತ್ತಿರ, "ಈ ಮಳೆಗಾಲ ಕಳೆಯಲಿ, ಈಗಲೇ ಎಂತ ಅವಸರ" ಎಂದೆ. ಅವಳು ಚಿಕ್ಕವಳೆಂದು ಹೇಳಿದ್ದಲ್ಲ. ನನಗೆ ಬುಟ್ಟಿಗೆ ಜೊತೆ ಬೇಕಿತ್ತು. ಬಂದವರು ಕಾಯಲಿಲ್ಲ, ಬೇರೆ ಮನೆಗೆ ಹೋದರು. ಅದೇ ಮಳೆಗಾಲದಲ್ಲಿ ತಂಗಿಗೆ ಜ್ವರ ಹಿಡಿಯಿತು. ಒಂಬತ್ತನೆಯ ದಿನ ಹೋದಳು. ನಾನು ಹಾಗೆ ಹೇಳಿದ್ದು ದೊಡ್ಡಮ್ಮನಿಗೂ ನನಗೂ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ನಾವಿಬ್ಬರೂ ಮತ್ತೆ ಆ ಮಾತು ಎತ್ತಲಿಲ್ಲ.

ಆಮೇಲೆ ನಾಲ್ಕು ವರ್ಷ ನಾನು ಮುಂದೆ, ದೊಡ್ಡಮ್ಮ ಹಿಂದೆ. ನಡುವೆ ಒಬ್ಬಳು ಹಿಡಿಯುವಷ್ಟು ಜಾಗ. ಏಕೆಂದು ಕೇಳಿದರೆ ಹೇಳಲು ಬಾರದು. ದೊಡ್ಡಮ್ಮ ಹತ್ತಿರ ಬರುತ್ತಿರಲಿಲ್ಲ, ನಾನು ಕರೆಯುತ್ತಿರಲಿಲ್ಲ.

ಆ ದಿನ ಬೇಸಗೆಯ ಬೆಳಗು. ದೋಣಿ ಧಕ್ಕೆಗೆ ಮುಟ್ಟುವ ಮೊದಲೇ ನಾನು ತುದಿಯಲ್ಲಿ ಎದ್ದು ನಿಂತೆ. ಬುಟ್ಟಿ ತಲೆಯ ಮೇಲೆ. ಬಲಗಾಲು ಮೆಟ್ಟಿಲಿನ ಕಲ್ಲಿಗೆ ಹಾಕಿ, ಎಡಗಾಲಿನಿಂದ ದೋಣಿಯನ್ನು ಒತ್ತಿ ಹಾರಿದೆ. ದಿನಾ ಹಾರುವ ಹಾಗೆಯೇ. ಟಪ್ ಎಂದಿತು. ಎಳೆದ ಹುರಿಹಗ್ಗ ಕಡಿದ ಹಾಗೆ ಸದ್ದು. ಜೊತೆಗೆ ಹಿಮ್ಮಡಿಯ ಮೇಲೆ ಒಂದು ಒದೆ.

ನಾನು ಕಲ್ಲಿನ ಮೇಲೆ ಬಿದ್ದೆ. ಬೂತಾಯಿ ಮೆಟ್ಟಿಲು ತುಂಬ ಚೆಲ್ಲಿತು. ಗಿಡುಗಗಳು ಇಳಿದವು. ನನಗೆ ಮೀನಿನ ಮೇಲೆ ಗಮನವೇ ಇಲ್ಲ, ಹಿಂದೆ ತಿರುಗಿ ಕಿರುಚಿದೆ.

"ಯಾರು ಒದ್ದದ್ದು? ಯಾಕೆ ಒದ್ದದ್ದು?"

ದೋಣಿಯಲ್ಲಿ ಎಲ್ಲರೂ ಕುಳಿತೇ ಇದ್ದರು. ಹತ್ತಿರದವರೆಂದರೆ ದೊಡ್ಡಮ್ಮ. ಅವರೂ ಮೂರು ಮೊಳ ದೂರದಲ್ಲಿ ವೀಳ್ಯದ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ನಾನಾ? ನಾನು ಇಲ್ಲಿ ಕುಳಿತಿದ್ದೇನೆ. ನನ್ನ ಕಾಲು ಅಲ್ಲಿಗೆ ಮುಟ್ಟುತ್ತದಾ?"

"ಮತ್ತೆ ಯಾರು? ಹಿಮ್ಮಡಿಗೆ ಒದ್ದರು ದೊಡ್ಡಮ್ಮ. ಇಲ್ಲಿಗೆ. ಸರಿಯಾಗಿ ಇಲ್ಲಿಗೆ."

ನಾನು ಜಾಗ ತೋರಿಸಿದೆ. ದೊಡ್ಡಮ್ಮನ ಸುಣ್ಣದ ಬೆರಳು ಎಲೆಯ ಮೇಲೆ ಹಾಗೆಯೇ ನಿಂತಿತು. ಅಲ್ಲಿಗೆ ಒದೆಯುತ್ತಿದ್ದವಳು ಯಾರೆಂದು ಇಬ್ಬರಿಗೂ ಗೊತ್ತಿತ್ತು.

ಮೊದಲ ಎಂಟು ದಿನ ಹಾಳಾಗಿ ಹೋಯಿತು. ಎಲುಬು ಕೂರಿಸುವವರು ಬಂದು ನೋಡಿ, ಎಲುಬು ಮುರಿದಿಲ್ಲ, ಎಣ್ಣೆ ಹಾಕಿ ತಿಕ್ಕಿ, ನಡೆಯಲಿ ಎಂದರು. ಎಳೆದುಕೊಂಡು ನಡೆಯಲು ಬರುತ್ತಿತ್ತು. ಪಾದವನ್ನು ಸ್ವಲ್ಪ ಕೆಳಗೆ ಬಗ್ಗಿಸಲೂ ಬರುತ್ತಿತ್ತು. ಹಾಗಾಗಿ ಯಾರೂ ಏನೂ ಕಡಿದಿದೆ ಎಂದು ಎಣಿಸಲಿಲ್ಲ. ಹಿಮ್ಮಡಿ ಎತ್ತಿ ತುದಿಗಾಲಿನ ಮೇಲೆ ನಿಲ್ಲಲು ಮಾತ್ರ ಆಗುತ್ತಿರಲಿಲ್ಲ. ಆ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ, ಬೇರೆ ಯಾರದ್ದೋ ಮಾತು ಕೇಳುತ್ತಿತ್ತು.

ದೊಡ್ಡಮ್ಮ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿ ಬಂದರು. ಮನೆಯಲ್ಲಿ ಮದುವೆಯಾಗದೆ ತೀರಿಹೋದ ಹೆಣ್ಣೊಬ್ಬಳಿದ್ದಾಳೆ, ಅವಳಿಗೆ ಮದುವೆ ಬೇಕಂತೆ ಎಂದು ಬಂತು. ನಮ್ಮ ತುಳುನಾಡಿನಲ್ಲಿ ಇದು ಹೊಸತಲ್ಲ. ಸತ್ತ ಮಕ್ಕಳಿಗೂ ಪ್ರಾಯ ಬರುತ್ತದೆ. ಅವರಿಗೂ ಜೊತೆ ಬೇಕಾಗುತ್ತದೆ. ಹಾಗೆಯೇ ಮದುವೆಯಾಗದೆ ತೀರಿಹೋದ ಗಂಡನ್ನು, ಬೇರೆ ಬಳಿಯವನನ್ನು, ಎಂದರೆ ಬೇರೆ ಕುಲದವನನ್ನು, ಹುಡುಕಿ ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಮಾಡುತ್ತಾರೆ. ಉಳ್ಳಾಲದ ಕಡೆ ಒಂದು ಮನೆಯಲ್ಲಿ ಇಪ್ಪತ್ತರ ಮಗನೊಬ್ಬ ಕಡಲಿಗೆ ಹೋದವನು ಬಂದಿರಲಿಲ್ಲ. ಅವರೂ ಹೆಣ್ಣು ಹುಡುಕುತ್ತಿದ್ದರು.

"ಮದುವೆ ಆದರೆ ಕಾಲು ತಾನೇ ಸರಿಯಾಗ್ತದೆ" ಎಂದರು ದೊಡ್ಡಮ್ಮ.

ನನ್ನ ಗಂಡ ಹೆಚ್ಚು ಮಾತಿನವರಲ್ಲ. "ಸರಿಯಾಗುವವರೆಗೆ ಆಸ್ಪತ್ರೆಗೂ ತೋರಿಸುವ" ಎಂದರು. ಮರುದಿನ ನನ್ನನ್ನು ಬೆನ್ನಿಗೆ ಹಾಕಿಕೊಂಡು ದೋಣಿ ಹತ್ತಿಸಿ, ಆಚೆ ಕೈಗಾಡಿಯಲ್ಲಿ ಕೂರಿಸಿ ಬಲ್ಮಠದ ಆಚೆ ಗುಡ್ಡೆಯ ಆಸ್ಪತ್ರೆಗೆ ಒಯ್ದರು.

ಅಲ್ಲಿ ಒಬ್ಬರು ನರ್ಸಮ್ಮ ಇದ್ದರು. ಕೊಂಕಣಿಯವರು, ಕುತ್ತಿಗೆಯಲ್ಲಿ ಶಿಲುಬೆ, ಅರ್ಧ ನೆರೆತ ಕೂದಲು, ಬಡಗಿಯ ಹಾಗೆ ಗಟ್ಟಿ ಕೈ. ನನ್ನನ್ನು ಕವುಚಿ ಮಲಗಿಸಿ ಹಿಮ್ಮಡಿಯ ಮೇಲೆ ಬೆರಳು ಇಟ್ಟರು. ಬೆರಳು ಒಳಗೆ ಹೋಯಿತು. ಅಲ್ಲಿ ಗುಳಿ ಇತ್ತು.

"ಟಪ್ ಅಂತ ಸದ್ದು ಬಂತಾ?"

"ಬಂತು."

"ಹಿಂದಿನಿಂದ ಯಾರೋ ಒದ್ದ ಹಾಗೆ ಆಯ್ತಾ?"

ಇದನ್ನು ನಾನು ಅವರಿಗೆ ಹೇಳಿರಲಿಲ್ಲ. ನನ್ನ ಗಂಡನೂ ಹೇಳಿರಲಿಲ್ಲ.

"ನಿಮಗೆ ಯಾರು ಹೇಳಿದ್ದು?"

"ಎಲ್ಲರೂ ಹಾಗೇ ಹೇಳುವುದು ಮಾರಾಯ್ತಿ. ಟೆನಿಸ್ ಆಡುವಾಗ ಒಬ್ಬ ದೊರೆಗೆ ಹೀಗೆ ಆಯ್ತು, ಅವನು ಹಿಂದೆ ನಿಂತವನ ಮೇಲೆ ಬ್ಯಾಟು ಎತ್ತಿಕೊಂಡು ಹೋದ. ಯಾರೂ ಒದೆಯುವುದಿಲ್ಲ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿದ ಒಂದು ಹಗ್ಗ ಉಂಟು, ಅದು ಕಡಿಯುವಾಗ ಹಾಗೆ ಕಾಣುವುದು."

ಅವರು ಇದನ್ನು ನನಗೆ ಧೈರ್ಯ ಬರಲಿ ಎಂದು ಹೇಳಿದ್ದು. ನನಗೆ ಧೈರ್ಯ ಬರಲಿಲ್ಲ. ನಾಲ್ಕು ವರ್ಷದಲ್ಲಿ ಅವಳಿಂದ ನನಗೆ ಸಿಕ್ಕಿದ್ದು ಆ ಒಂದು ಒದೆ. ಅದು ಸಿಟ್ಟಿನದೇ ಇರಲಿ. ಅದನ್ನೂ ಇವರು ತೆಗೆದುಕೊಂಡರೆ?

"ಎಲ್ಲರಿಗೂ ಅವರವರ ಸತ್ತವರು ಒದ್ದಿರಬಹುದಲ್ಲ?" ಎಂದು ಕೇಳಿದೆ.

ನರ್ಸಮ್ಮ ನಗಲು ಹೊರಟವರು ನಿಲ್ಲಿಸಿದರು. "ಅದು ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಹಗ್ಗ ಮಾತ್ರ" ಎಂದರು.

ಡಾಕ್ಟರು ಪಾದವನ್ನು ಕೆಳಮುಖ ಮಾಡಿ, ನೀರಿಗೆ ಕಾಲಿಡುವ ಕೊಕ್ಕರೆಯ ಹಾಗೆ, ಮೊಣಕಾಲಿನವರೆಗೆ ಸುಣ್ಣದಂಥ ಗಟ್ಟಿ ಕಟ್ಟು ಹಾಕಿಸಿದರು. ಕಡಿದ ಎರಡು ತುದಿಗಳು ಹತ್ತಿರ ಬರಬೇಕಂತೆ. ಆರು ವಾರ ನೆಲ ಮುಟ್ಟಿಸಬಾರದು.

ಆ ಆರು ವಾರ ನನಗೆ ಈಗಲೂ ಬೇಡ. ಎಲ್ಲರೂ ಕಡಲಿಗೆ, ಪೇಟೆಗೆ ಹೋದ ಮೇಲೆ ಹಗಲು ಮನೆಯಲ್ಲಿ ನಾನೊಬ್ಬಳೇ. ಮಳೆ ಹಿಡಿಯುವ ಮೊದಲಿನ ಸುಡು ಬಿಸಿಲಿನಲ್ಲಿ ಹೊಯಿಗೆ ಬೆಳ್ಳಗೆ ಉರಿಯುತ್ತಿತ್ತು, ಯಾರೂ ನಡೆಯುವ ಹೊತ್ತಲ್ಲ. ಹಿಂದಿನ ಬಾಗಿಲ ಹತ್ತಿರ ಬುಟ್ಟಿ ಇಳಿಸಿದ ಸದ್ದು ಕೇಳುತ್ತಿತ್ತು. ಬುಟ್ಟಿ ಇಳಿಸಿದವರು ಮತ್ತೆ ಒಳಗೆ ಬರುತ್ತಿರಲಿಲ್ಲ. ಕಟ್ಟಿನ ಒಳಗೆ, ಗುಳಿಯ ಜಾಗದಲ್ಲಿ, ಟಕ್, ಟಕ್ ಎಂದು ಬಡಿಯುತ್ತಿತ್ತು. ಕಾಲಿನ ತುದಿಯಿಂದ ತಟ್ಟಿದ ಹಾಗೆ. ನಾನು ಅದಕ್ಕೆ ಮಾತಾಡುತ್ತಿದ್ದೆ. "ಆಯ್ತು, ನಡೆಯುತ್ತೇನೆ, ಸ್ವಲ್ಪ ತಾಳು" ಎನ್ನುತ್ತಿದ್ದೆ. ರಕ್ತ ಓಡುವ ಬಡಿತ ಅದು ಎಂದು ನರ್ಸಮ್ಮ ಆಮೇಲೆ ಹೇಳಿದರು. ಇರಬಹುದು. ನನಗೆ ಆಗ ಬಡಿತ ನಿಂತರೆ ಹೆದರಿಕೆ, ಬಡಿದರೂ ಹೆದರಿಕೆ.

ಮದುವೆಯ ದಿನ ಗೊತ್ತಾಯಿತು. ಆಟಿಯ ನಡುವಿನಲ್ಲಿ, ಹಗಲು. ನಮ್ಮ ಮನೆಯ ಪದ್ಧತಿಯಲ್ಲಿ ಸತ್ತ ಹೆಣ್ಣಿನ ಸೀರೆ, ಬಳೆ, ಕರಿಮಣಿಯನ್ನು ಹರಿವಾಣದಲ್ಲಿ ಇಟ್ಟು ಒಡಹುಟ್ಟಿದವಳು ತಲೆಯ ಮೇಲೆ ಹೊರಬೇಕು. ಒಳಗಿನಿಂದ ಚಪ್ಪರಕ್ಕೆ ತಂದು, ಮದುಮಕ್ಕಳ ಮಣೆಗಳ ಸುತ್ತ ಮೂರು ಸುತ್ತು ಬಂದು ಇಳಿಸಬೇಕು. ಬರಿಗಾಲು. ಯಾರೂ ಕೈ ಹಿಡಿಯುವ ಹಾಗಿಲ್ಲ. ನಡುವೆ ಎಡವಿದರೆ, ಹರಿವಾಣ ಅಲುಗಿದರೆ, ಹೆಣ್ಣಿಗೆ ಮನಸ್ಸಿಲ್ಲ ಎಂದು ಲೆಕ್ಕ. ಬಂದವರು ಎದ್ದು ಹೋಗುತ್ತಾರೆ.

"ನಿನ್ನಿಂದ ಆಗದಿದ್ದರೆ ಹೇಳು, ನೆರೆಮನೆಯವಳ ಹತ್ತಿರ ಹೊರಿಸುವ" ಎಂದರು ದೊಡ್ಡಮ್ಮ.

"ಅವಳು ತಂಗಿಗೆ ಏನಾಗಬೇಕು?"

"ನೀನು ಹೊತ್ತು ಬೀಳಿಸುವುದಕ್ಕಿಂತ ಒಳ್ಳೆಯದಲ್ಲವಾ?"

ಒಮ್ಮೆ ಬಂದ ಮದುವೆಯನ್ನು ತಪ್ಪಿಸಿದ್ದು ನಾನು. ಎರಡನೆಯದನ್ನೂ ನನ್ನ ಕಾಲು ತಪ್ಪಿಸಬಾರದು. ನೆರೆಮನೆಯವಳ ತಲೆಯ ಮೇಲೆ ಅವಳು ಹೋಗಬಾರದು. ನನಗೆ ಬೇಕಿದ್ದದ್ದು ಇಷ್ಟೇ.

ಕಟ್ಟು ತೆಗೆದ ದಿನ ಅತ್ತೆ. ಮೀನಖಂಡವೇ ಇಲ್ಲ. ಮಗುವಿನ ಕಾಲಿನಷ್ಟು ಸಪೂರ. ನರ್ಸಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಮೀನಖಂಡವನ್ನು ಕೆಳಗಿನಿಂದ ಮೇಲಕ್ಕೆ ನೀವಿದರು. ಗಂಟಿನ ಮೇಲೆ ಒತ್ತಲಿಲ್ಲ. ಬಳಿಕ ಕಾಲನ್ನು ಗಾಳಿಯಲ್ಲಿ ಇಡಿಸಿ, "ಓದಲು ಬರ್ತದಾ?" ಎಂದರು.

"ಮೂರನೇ ಕ್ಲಾಸು. ಮರೆತಿದ್ದೇನೆ."

"ಹೆಬ್ಬೆರಳಿನಲ್ಲಿ ಬರಿ. ಅ, ಆ, ಇ. ದೊಡ್ಡದಾಗಿ ಬರಿ. ದಿನಕ್ಕೆ ಮೂರು ಸಲ."

ಬರೆದೆ. 'ಋ' ಬರುವಾಗ ಕಾಲು ನಡುಗಿತು. 'ಳ' ಬರುವಾಗ ಬೆವರಿದೆ. ಕಾಗುಣಿತ ಶಾಲೆ ಬಿಟ್ಟ ಮೇಲೆ ಮರೆತಿದ್ದೆ. ಶಾಲೆಯಿಂದ ಬಂದ ನನ್ನ ಮಗಳನ್ನು ಹತ್ತಿರ ಕೂರಿಸಿ ಅವಳ ಪುಸ್ತಕ ನೋಡಿ ಗಾಳಿಯಲ್ಲಿ ಕಾಲಿನಿಂದ ಬರೆಯುತ್ತಿದ್ದೆ. ಇವತ್ತು ಈ ಕಾಗದದ ಮೇಲಿನ ಅಕ್ಷರಗಳು ಎಡಗಾಲಿನಿಂದ ಕಲಿತವು ಎಂದರೆ ಮೊಮ್ಮಗಳು ನಗುತ್ತಾಳೆ. ನಗಲಿ! ಅವಳ ನಗು ಕೇಳಿದರೆ ನನಗೆ ಇನ್ನೊಂದು ಹತ್ತು ಪುಟ ಬರೆಯಬಹುದು ಎನಿಸುತ್ತದೆ.

ಬಳಿಕ ಒಂದು ಜೊತೆ ಚಪ್ಪಲಿ ಕೊಟ್ಟರು. ಎಡಗಾಲಿನದ್ದರ ಹಿಮ್ಮಡಿಯ ಕೆಳಗೆ ತೊಗಲಿನ ಐದು ಪದರ. ಹಗ್ಗ ಹೊಸತಾಗಿ ಕೂಡಿದ್ದು, ಹಿಮ್ಮಡಿ ಒಮ್ಮೆಲೆ ಇಳಿದರೆ ಎಳೆಯುತ್ತದೆ, ಸಡಿಲವಾಗಿ ಕೂಡಿಕೊಳ್ಳುತ್ತದೆ. ಸ್ವಲ್ಪ ಸ್ವಲ್ಪವೇ ಇಳಿಯಬೇಕು, ವಾರಕ್ಕೊಂದು ಪದರ ತೆಗೆಯಬೇಕು. ಹೊಯಿಗೆಯ ಮೇಲೆ ಬರಿಗಾಲಿನಲ್ಲಿ ನಡೆಯಲೇಬಾರದು, ಹೊಯಿಗೆಯಲ್ಲಿ ಹಿಮ್ಮಡಿ ಹೂತುಹೋಗುತ್ತದೆ ಎಂದರು. ಹೊಯಿಗೆ ಬಿಟ್ಟು ನಮ್ಮಲ್ಲಿ ಬೇರೆ ಎಂತ ಉಂಟು?

ಚಪ್ಪಲಿ ನೋಡಿ ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತರು.

"ಬಂದರು ನೋಡಿ, ದೊರೆಸಾನಿ! ಮೀನು ಮಾರುವವಳಿಗೆ ಮೆಟ್ಟು! ನಾಳೆ ಕೊಡೆ ಹಿಡಿಯಲು ಜನ ಬೇಕಾ?"

"ಕಾಲು ಸರಿಯಾಗಲಿಕ್ಕೆ ದೊಡ್ಡಮ್ಮ."

"ಅವಳು ಕೇಳಿದ್ದು ಮದುವೆ. ನೀನು ಕಾಲಿಗೆ ಔಷಧ ಮಾಡುತ್ತಾ ಕೂತರೆ ಅವಳ ಮಾತು ಕೇಳಿಲ್ಲ ಅಂತ ಆಗುವುದಿಲ್ಲವಾ?"

"ಅವಳನ್ನು ಹೊರಲಿಕ್ಕೇ ಅಲ್ಲವಾ ನಾನು ಕಾಲು ಸರಿ ಮಾಡುವುದು?"

ದೊಡ್ಡಮ್ಮ ಬಾಗಿಲು ಬಿಟ್ಟರು. ಆ ದಿನದಿಂದ ಎಣ್ಣೆ ಬಿಸಿ ಮಾಡಿ ಕೊಟ್ಟವರು ಅವರೇ.

ಮದುವೆಗೆ ಇಪ್ಪತ್ತೆರಡು ದಿನ ಇರುವಾಗ ನರ್ಸಮ್ಮನಿಗೆ ಹೇಳಿದೆ. ಬರಿಗಾಲಿನಲ್ಲಿ ನಡೆಯಬೇಕು, ತಲೆಯ ಮೇಲೆ ಭಾರ ಉಂಟು, ತಂಗಿಯ ಮದುವೆ.

"ಬರಿಗಾಲಾ? ಆಗುವುದೇ ಇಲ್ಲ. ಪದರ ಎಷ್ಟು ಉಳಿದಿದೆ ನೋಡು! ನಾನು ನಿನ್ನ ತಂಗಿಗೆ ಹೇಳ್ತೇನೆ, ಕರ್ಕೊಂಡು ಬಾ. ಎಷ್ಟು ಪ್ರಾಯ ಅವಳಿಗೆ?"

"ಹದಿನಾರು" ಎಂದೆ. "ಹೋಗಿ ನಾಲ್ಕು ವರ್ಷ ಆಯ್ತು."

ನರ್ಸಮ್ಮ ಕೈಯೊರೆಸುತ್ತಿದ್ದ ಬಟ್ಟೆಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಅವರ ಧರ್ಮ ಬೇರೆ. ನಾನು ಬೈಗುಳ ಕೇಳಲು ತಯಾರಾಗಿದ್ದೆ. ಅವರು ಎದ್ದು ಒಂದು ತಾಮ್ರದ ಬೋಗುಣಿಯಲ್ಲಿ ಒದ್ದೆ ಬಟ್ಟೆ ತುಂಬಿ ತಂದು ನನ್ನ ತಲೆಯ ಮೇಲೆ ಇಟ್ಟರು.

"ನಡೆ. ಈ ಗೋಡೆಯಿಂದ ಆ ಗೋಡೆಗೆ. ಹೆಜ್ಜೆ ಚಿಕ್ಕದಿಡು. ಮದುಮಗಳು ಓಡುವುದಿಲ್ಲ."

ದಿನಾ ಆಸ್ಪತ್ರೆಯ ಜಗುಲಿಯಲ್ಲಿ ನಡೆಸಿದರು. ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತಿ ಇಳಿಸುವುದು, ಹತ್ತು ಸಲ. ಆಮೇಲೆ ಬೋಗುಣಿ. ಆಮೇಲೆ ಮತ್ತೆ ಹತ್ತು ಸಲ. ಹಿಮ್ಮಡಿ ಎತ್ತುವಾಗ ಭಾರವೆಲ್ಲ ಬಲಗಾಲಿಗೇ ಹೋಗುತ್ತಿತ್ತು. ನರ್ಸಮ್ಮ ಎಡಗಾಲಿಗೆ ಬೆತ್ತದಿಂದ ತಟ್ಟಿ, "ಇವಳಿಗೂ ಸ್ವಲ್ಪ ಕೆಲಸ ಕೊಡು, ಸೋಮಾರಿ ಆಗ್ತಾಳೆ" ಎನ್ನುತ್ತಿದ್ದರು. ಚಪ್ಪರದ ನೆಲಕ್ಕೆ ಕೆಂಪು ಮಣ್ಣು ಹಾಕಿಸಿ ಬಡಿದು ಗಟ್ಟಿ ಮಾಡಿಸು, ಹಿಮ್ಮಡಿ ಹೂಳಬಾರದು ಎಂದು ಹೇಳಿಕೊಟ್ಟವರೂ ಅವರೇ. ನನ್ನ ಗಂಡ ಗುಡ್ಡೆಯಿಂದ ದೋಣಿಯಲ್ಲಿ ಮಣ್ಣು ತಂದು ಮೂರು ದಿನ ಬಡಿದರು. ಹೊಯಿಗೆಯ ನಡುವೆ ಹಾಸಿದ ಕೆಂಪು ಕಂಬಳಿಯ ಹಾಗೆ ಕಾಣುತ್ತಿತ್ತು.

ಮದುವೆಯ ದಿನ ಮಳೆ ಬಿಟ್ಟು ಹೊಳವಾಯಿತು. ಉಳ್ಳಾಲದವರು ಹತ್ತು ಮಂದಿ ಬಂದರು. ಮದುಮಗನ ತಾಯಿ ಎತ್ತರದ ಹೆಂಗಸು, ಮಡಚಿದ ಹೊಸ ಪಂಚೆಯನ್ನು ಮಗುವನ್ನು ಎತ್ತಿದ ಹಾಗೆ ಎದೆಗೆ ಒತ್ತಿಕೊಂಡಿದ್ದರು. ದೊಡ್ಡಮ್ಮನ ಹತ್ತಿರ ಕುಳಿತು ಮಾತಾಡಿದರು.

"ನಮ್ಮವನಿಗೆ ಬಂಗುಡೆ ಮೀನಿನ ಪುಳಿಮುಂಚಿ ಸಾರು ಬೇಕು. ನಿಮ್ಮವಳಿಗೆ ಬರ್ತದಾ?"

"ಖಾರ ಸ್ವಲ್ಪ ಹೆಚ್ಚು ಹಾಕ್ತಾಳೆ" ಎಂದರು ದೊಡ್ಡಮ್ಮ.

"ಹಾಕಲಿ. ನಡೆಯುವುದು ಹೇಗೆ, ಬೇಗವಾ?"

ದೊಡ್ಡಮ್ಮ ನನ್ನ ಕಡೆ ನೋಡಿದರು. ನಾನೇ ಹೇಳಿದೆ.

"ಬೇಗ. ಮುಂದಿನವರ ಹಿಮ್ಮಡಿಗೆ ಒದೆಯುತ್ತಾಳೆ."

"ಒದೆಯಲಿ ಪಾಪ, ನಮ್ಮ ಮನೆಯಲ್ಲಿ ಎಲ್ಲರೂ ನಿಧಾನ" ಎಂದರು ಆ ತಾಯಿ. ಎಲ್ಲರೂ ನಕ್ಕರು. ನಗುವುದು ಮುಗಿದಾಗ ಯಾರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಹರಿವಾಣವನ್ನು ನನ್ನ ತಲೆಯ ಮೇಲೆ ಇಟ್ಟರು. ಚಪ್ಪಲಿ ಒಳಗೆ ಬಿಟ್ಟೆ. ಎರಡು ಪದರ ಇನ್ನೂ ಉಳಿದಿತ್ತು, ಆ ಎರಡು ಪದರದಷ್ಟು ನೆಲ ಕೆಳಗಿತ್ತು. ಮೊದಲ ಹೆಜ್ಜೆಗೆ ಹಗ್ಗ ಎಳೆಯಿತು. ಗಂಟಿನಲ್ಲಿ ಬೆಂಕಿ ತಾಗಿದ ಹಾಗೆ. ಹೆಜ್ಜೆ ಚಿಕ್ಕದಿಟ್ಟೆ. ಒಂದು ಸುತ್ತು ಬಂದೆ. ಬಳೆಗಳು ಸದ್ದು ಮಾಡಲಿಲ್ಲ. ಎರಡನೆಯ ಸುತ್ತಿನಲ್ಲಿ ನಾನು ನಿಧಾನವಾದೆ, ನೋವಿಗಾಗಿ ಅಲ್ಲ. ಅವಳು ಒದೆಯಲಿ ಎಂದು. ಒದ್ದರೆ ಬೀಳುತ್ತೇನೆ ಎಂದು ಗೊತ್ತು, ಬಿದ್ದರೆ ಮದುವೆ ಮುರಿಯುತ್ತದೆ ಎಂದೂ ಗೊತ್ತು. ಆದರೂ ನಿಧಾನವಾದೆ. ಕುತ್ತಿಗೆಯ ಹಿಂದೆ ಯಾರದ್ದೋ ಉಸಿರು ಬಿಸಿಯಾಗಿ ಮುಟ್ಟಿತು. ಗಾಳಿ ಇರಬಹುದು. ಆಟಿಯಲ್ಲಿ ಬಿಸಿ ಗಾಳಿ ಎಲ್ಲಿಂದ ಬರುತ್ತದೆ, ನನಗೆ ಗೊತ್ತಿಲ್ಲ. ಮೂರನೆಯ ಸುತ್ತು ಮುಗಿಯಿತು. ಯಾರೂ ಒದೆಯಲಿಲ್ಲ. ಹರಿವಾಣ ಇಳಿಸಿದೆ. ಪಂಚೆಯ ಪಕ್ಕದಲ್ಲಿ ಸೀರೆ ಇಟ್ಟರು. ಕರಿಮಣಿಯನ್ನು ಸೀರೆಯ ಮೇಲೆ ಹಾಕಿದರು.

ಊಟ ಆಯಿತು. ಹೊರಡುವಾಗ ಆ ತಾಯಿ ಎರಡೂ ಬಟ್ಟೆಗಳನ್ನು ಒಂದು ಗಂಟು ಕಟ್ಟಿ ತನ್ನ ತಲೆಯ ಮೇಲೆ ಇಟ್ಟುಕೊಂಡರು.

"ಇನ್ನು ಇವಳು ನಮ್ಮವಳು. ನಿಮ್ಮಲ್ಲಿಗೆ ಬಂದರೂ ನೆಂಟಳಾಗಿ ಬರುವುದು, ಆಯ್ತಾ?"

ನಾನು ಆಯ್ತು ಎಂದೆ. ಮಳೆ ಮತ್ತೆ ಹನಿಯುತ್ತಿತ್ತು. ಎಲ್ಲರೂ ದೋಣಿಯ ಹತ್ತಿರ ಹೋದರು. ಹೊಯಿಗೆಗೆ ಇಳಿಯಬಾರದೆಂದು ನಾನು ಕೆಂಪು ಮಣ್ಣಿನ ಅಂಚಿನಲ್ಲೇ ನಿಂತೆ. ಮುಂದೆ ಜನರ ತಲೆಗಳು, ಕೊಡೆಗಳು. ದೋಣಿ ನೀರಿಗೆ ಸರಿದ ಸದ್ದು ಕೇಳಿತು, ಗಂಟು ಕಾಣಲಿಲ್ಲ. ನಾನು ಕತ್ತು ಎತ್ತಿದೆ. ಇನ್ನೂ ಕಾಣಲಿಲ್ಲ. ಇನ್ನಷ್ಟು ಎತ್ತಿದೆ. ಆಗ ಕಂಡಿತು. ಕೊಡೆಗಳ ಆಚೆ, ಬೂದಿ ಬಣ್ಣದ ನೀರಿನ ಮೇಲೆ, ಆ ಹೆಂಗಸಿನ ತಲೆಯ ಮೇಲೆ ಕುಳಿತು ಅವಳು ಹೋಗುತ್ತಿದ್ದಳು.

"ಏ ಹೆಣ್ಣೇ, ಕಾಲು ನೋಡು ನಿನ್ನದು!" ಎಂದರು ಪಕ್ಕದಲ್ಲಿದ್ದ ದೊಡ್ಡಮ್ಮ.

ನೋಡಿದೆ. ಎರಡೂ ಹಿಮ್ಮಡಿಗಳು ನೆಲ ಬಿಟ್ಟಿದ್ದವು. ಎಡದ್ದು ನಡುಗುತ್ತಿತ್ತು, ಆದರೆ ಮೇಲೆಯೇ ಇತ್ತು. ಹಿಡಿಯಲು ಗೋಡೆ ಇರಲಿಲ್ಲ, ಬೆತ್ತ ಇರಲಿಲ್ಲ.

"ಇಳಿಸು, ಸಾಕು" ಎಂದರು ದೊಡ್ಡಮ್ಮ. ಅವರ ಕೆನ್ನೆ ಒದ್ದೆಯಾಗಿತ್ತು, ಮಳೆಯೋ ಏನೋ.

"ಸ್ವಲ್ಪ ಇರಿ, ಇನ್ನೂ ಕಾಣ್ತಾ ಉಂಟು" ಎಂದೆ.

ದೋಣಿ ಅಳಿವೆಯ ಕಡೆ ತಿರುಗಿ ಮಳೆಯ ಒಳಗೆ ಹೋಗುವವರೆಗೆ ನಾನು ಹಾಗೆಯೇ ನಿಂತಿದ್ದೆ.